ತಂಗಿಯ ನಲವತ್ತು ಪುಟ ಮತ್ತು ನಾನು ಜೋಡಿಸಿದ ಡಿಸ್ಕು

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಗಜೇಂದ್ರಗಡದಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವುದು ನನ್ನ ಕಸುಬು. ಹಾಗಂತ ಕಂಪ್ಯೂಟರ್ ಗೊತ್ತಿಲ್ಲವೆಂದು ತಿಳಿಯಬೇಡಿ. ತಂಗಿ ಹಸೀನಾ ನಡೆಸುವುದನ್ನು ಹಿಂದೆ ನಿಂತು ಎರಡು ಸಲ ನೋಡಿದ್ದೆ!

ಅವಳು ಅಬ್ಬಿಗೇರಿ, ಬೆಳವಣಕಿಯ ಹೊಲ ತಿರುಗಿ, ಕಳೆಗಳ ಬಗ್ಗೆ ನಲವತ್ತು ಪುಟ ಟೈಪ್ ಮಾಡಿದ್ದಳು. ಆರು ದಿನದಲ್ಲಿ ಕಾಲೇಜಿಗೆ ಕೊಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ರೋಣಕ್ಕೆ ಒಯ್ದು ಪ್ರಿಂಟ್ ಹಾಕಿಸಲು ಗೆಳತಿಯಿಂದ ಖಾಲಿ ಡಿಸ್ಕ್ ತಂದಿದ್ದಳು. ನಮ್ಮದು ಲಿನಕ್ಸ್. ಅದರಲ್ಲಿ ಹೊರಗಿನ ಡಿಸ್ಕನ್ನು ಒಂದು ಖಾಲಿ ಫೋಲ್ಡರಿಗೆ ಜೋಡಿಸಿದರೇ ಕಾಣುವುದು.

"ಸಂಜಿಗೆ ಬಂದು ಮಾಡ್ತೀನಿ. ಮುಟ್ಟಬ್ಯಾಡಣ್ಣಾ," ಎಂದು ಹೋದಳು.

ಮುಟ್ಟಿದೆ. ಖಾಲಿ ಫೋಲ್ಡರ್ ಯಾಕೆ? ಬರಹ ಇರುವ ಫೋಲ್ಡರಿಗೇ ಜೋಡಿಸಿದರೆ ಅರ್ಧ ಕೆಲಸ ಮುಗಿಯಿತಲ್ಲ! ಡಿಸ್ಕ್ ಜೋಡಿಸುವುದು ಹೇಗೆಂದು ಅವಳು ಬರೆದಿಟ್ಟಿದ್ದ ಚೀಟಿ ನೋಡಿ, ಫೋಲ್ಡರಿನ ಹೆಸರಷ್ಟೇ ಬದಲಿಸಿ ಒಂದೊಂದೇ ಅಕ್ಷರ ಒತ್ತಿದೆ. ಫೋಲ್ಡರ್ ತೆರೆದೆ. ನಲವತ್ತು ಪುಟದ ಕಳೆ ಬುಡಸಹಿತ ಮಾಯ!

ಬಾಗಿಲಿಗೆ ಹೋದೆ, ಬಂದೆ. ಕೂತೆ, ಎದ್ದೆ.

"ರೀ, ಬಂದ್ ಮಾಡಿ ಚಾಲೂ ಮಾಡ್ರಿ. ಟೀವಿಗೆ ಹಂಗ ಮಾಡ್ತೀವಲ್ಲ," ಎಂದಳು ಹೆಂಡತಿ.

"ಇದು ಟೀವಿ ಅಲ್ಲ, ಲಿನಕ್ಸ್!"

ಕಪಾಟಿನ ಸಿ.ಡಿ. ಹಾಕಿ ಲಿನಕ್ಸನ್ನೇ ಹೊಸದಾಗಿ ಕೂರಿಸಲು ಹೊರಟೆ. ಅದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಮರ್ಯಾದೆಯಿಂದ 'ಹೌದು' ಒತ್ತಿದೆ. ಖಚಿತವೇ ಎಂಬಂತೆ ಮತ್ತೆ ಕೇಳಿತು. ಮತ್ತೆ ಒತ್ತಿದೆ.

ಸಂಜೆ ಹಸೀನಾ ಬಂದಾಗ, "ಕರೆಂಟ್ ಹೋಗಿ ಎಲ್ಲಾ ಹಾಳಾತವ್ವಾ" ಎಂದುಬಿಟ್ಟೆ. ಅವಳು ಬೈಯಲಿಲ್ಲ. ಕಣ್ಣೊರೆಸಿಕೊಂಡು, ಹೊಲದಲ್ಲಿ ಬರೆದುಕೊಂಡ ವಹಿ ತೆಗೆದು ಮೊದಲ ಪುಟದಿಂದ ಶುರುಮಾಡಿದಳು. ಬೈದಿದ್ದರೆ ಚಲೋ ಇತ್ತು! ಐದು ಸಲ ಒಳಗೆ ಹೊರಗೆ ಅಡ್ಡಾಡಿ, ಆರನೇ ಸಲ, ಹೆಂಡತಿ ಕೊಟ್ಟ ಸಲಹೆಯನ್ನೂ ಬಿಡದೆ, ಖರೇ ಹೇಳಿದೆ.

ಅವಳು ದಿಟ್ಟಿಸಿ ನೋಡಿದಳು. "ಅಣ್ಣಾ, ಗಾದಿ ಮ್ಯಾಲ ಇನ್ನೊಂದು ಗಾದಿ ಹಾಸಿದ್ರ ಕೆಳಗಿಂದು ಎಲ್ಲಿ ಹೋಗತೈತಿ?"

"ಎಲ್ಲಿ ಹೋಗತೈತಿ? ಅಲ್ಲೇ ಇರತೈತಿ."

"ನನ್ನ ಪುಟಾನೂ ಅಲ್ಲೇ ಇದ್ದವು. ಮ್ಯಾಲಿನ ಡಿಸ್ಕ್ ತಗದಿದ್ರ ಸಾಕಿತ್ತು. ಭಾಬಿ ಹೇಳಿದಂಗ ಬಂದ್ ಮಾಡಿ, ಡಿಸ್ಕ್ ಕಿತ್ತು ಚಾಲೂ ಮಾಡಿದ್ರೂ ಸಾಕಿತ್ತು. ಹೊಸಾ ಲಿನಕ್ಸ್ ಹಾಕಿ, ಇದ್ದದ್ದೆಲ್ಲಾ ಅಳಸಿ, ನೀ ಮನೀನ ಕೆಡವಿದಿ!"

ಒಳಗಿನಿಂದ ಹೆಂಡತಿ ಕೆಮ್ಮಿದಳು. ಕೆಮ್ಮಲ್ಲ ಅದು.

"ನಾ ಓದಿ ಹೇಳ್ತೀನಿ, ನೀ ಟೈಪ್ ಮಾಡು," ಎಂದೆ.

"ಬ್ಯಾಡ. ನಾಳೆ ಲಗೂನ ಎದ್ದು ನರಗುಂದಕ್ಕ ಅತ್ತಿ ಮನಿಗೆ ಹೋಗು. ಮುಗದ ಮ್ಯಾಲ ಬಾ."

ಹೋದೆ. ಅಲ್ಲಿಯ ನಾಲ್ಕು ದಿನ ಒಂದು ಕಡೆ ಕೂರಲಾಗಲಿಲ್ಲ. ಐದನೇ ದಿನ ಬಂದು ನೋಡಿದರೆ ಬರಹ ಮುಗಿದು, ಪ್ರಿಂಟ್ ಆಗಿ, ಹೊಲಿಗೆಯೂ ಬಿದ್ದಿತ್ತು. ಮೊದಲ ಪುಟದಲ್ಲಿ ಉಪಕಾರ ಸ್ಮರಣೆ. ಗುರುಗಳ ಹೆಸರಿತ್ತು. ಭಾಬಿಯ ಹೆಸರಿತ್ತು. ಕೊನೆಯಲ್ಲಿ ನನಗೂ ಒಂದು ಸಾಲು:

"ಊರಲ್ಲಿ ಇರದೆ ಸಹಕರಿಸಿದ ಅಣ್ಣನಿಗೆ."