ನಿಶ್ಚಯವಾಗಲೊಲ್ಲದ ಸಂಬಂಧಕ್ಕೆ

ದಾಂಡೇಲಿ

ತಂತು ಸಿದ್ಧಾಂತದ ಘನತೆವೆತ್ತ ನಿವಾಸಿಗಳಾದ ದೇಶ-ಕಾಲ ಅನಿಶ್ಚಿತತಾ ಸಂಬಂಧದವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಎಲ್ಲಿ, ಯಾವಾಗ ಎಂದು ಕೇಳುವಷ್ಟು ಅವಿವೇಕಿ ನಾನಲ್ಲ.

ನನಗೆ ತಮ್ಮ ಪರಿಚಯವಾದದ್ದು ಕಳೆದ ತಿಂಗಳು ನಮ್ಮೂರ ಗ್ರಂಥಾಲಯದಲ್ಲಿ, ಭೌತಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಉಪನ್ಯಾಸದಲ್ಲಿ. ಜಗತ್ತಿನ ಮೂಲದಲ್ಲಿರುವುದು ಚುಕ್ಕೆಗಳಲ್ಲ, ಕಣ್ಣಿಗೆ ಕಾಣದ ಎಳೆಗಳು, ಅಂದರೆ ತಂತುಗಳು. ಕಾಲವನ್ನು ತೀರಾ ಸಣ್ಣದಾಗಿ ಹಿಡಿಯಹೋದರೆ ಎಳೆ ಹಿಗ್ಗಿ ಸ್ಥಳ ಮಸುಕಾಗುತ್ತದೆ, ಸ್ಥಳವನ್ನು ಹಿಡಿದರೆ ಕಾಲ ಜಾರುತ್ತದೆ, ಎರಡರ ಅನಿಶ್ಚಿತತೆಯ ಗುಣಲಬ್ಧ ಒಂದು ಮಿತಿಗಿಂತ ಕೆಳಗಿಳಿಯದು ಎಂದರು. ಎಲ್ಲರೂ ಬೆರಗಾದರು. ನನಗೆ ಬೆರಗಾಗಲಿಲ್ಲ, ಏಕೆಂದರೆ ನಿಶ್ಚಯವೇ ಆಗದ ಇಂಥದೊಂದು ಸಂಬಂಧ ಎಂಟು ತಿಂಗಳಿಂದ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದೆ.

ಹಳಿಯಾಳದ ನಾಗಲಿಂಗಪ್ಪನವರು ನನ್ನನ್ನು ತಮ್ಮ ಮಗನಿಗೆ ಕೇಳಿದ್ದಾರೆ. ನಿಶ್ಚಯದ ದಿನ ಹೇಳಿ ಎಂದು ಅವ್ವ ಕೇಳಿದರೆ, "ಬರೂ ಗುರುವಾರನ ಹಿಡೀರಿ ಅಕ್ಕಾರ, ಎಲ್ಲಿ ಅನ್ನೂದು ಆಮ್ಯಾಲೆ ನೋಡೂಣು" ಎನ್ನುತ್ತಾರೆ. ಸ್ಥಳ ಕೇಳಿದರೆ, "ಮಳಗಿ ಊರಾಗ ನಮ್ಮ ತಂಗಿ ಮನ್ಯಾಗನ ಆಗ್ಲಿ, ಯಾವಾಗ ಅಂತ ಮಾತ್ರ ಕೇಳಬ್ಯಾಡ್ರಿ" ಎನ್ನುತ್ತಾರೆ.

ಇತ್ತ ನನಗೆ ಹೊಲಿಗೆ ಕಲಿಸಿದ ಮುಮ್ತಾಜ ಆಪಾ ಮುಂಡಗೋಡದ ತಮ್ಮ ಹೊಸ ಅಂಗಡಿಯನ್ನು ನನಗೊಪ್ಪಿಸಲು ಕಾದಿದ್ದಾರೆ. ಬರುತ್ತೀಯಾ ಎಂದಾಗಲೆಲ್ಲ, ಸುಳ್ಳು ಹೇಳಲು ಬಾರದ ನಾನು "ಗೊತ್ತಿಲ್ಲರಿ ಆಪಾ" ಎನ್ನುತ್ತೇನೆ. "ನೀ ಲಗ್ನಾ ಆಗಾಕತ್ತೀಯೋ, ಹವಾಮಾನ ವರದಿ ಓದಾಕತ್ತೀಯೋ?" ಎಂದು ಅವರು ಬೈಯುತ್ತಾರೆ.

ತಮ್ಮ ದೊಡ್ಡತನ ಒಪ್ಪಲೇಬೇಕು. ತಾವು ಸೊಳ್ಳೆಯ ಕಾಲೂ ಬ್ರಹ್ಮಾಂಡವೆನಿಸುವಷ್ಟು ಸಣ್ಣ ಜಾಗದಲ್ಲಿ ಮಾತ್ರ ಕೈಚಳಕ ತೋರುತ್ತೀರಿ. ನಾಗಲಿಂಗಪ್ಪನವರು ಎರಡು ತಾಲೂಕುಗಳಲ್ಲಿ ತೋರುತ್ತಾರೆ. ತಮಗೊಂದು ಕನಿಷ್ಠ ಮಿತಿಯಿದೆ. ಅವರಿಗೆ ಗರಿಷ್ಠವೂ ಇಲ್ಲ. ಆದ್ದರಿಂದ ದಯಮಾಡಿ ನಮ್ಮ ಮುಹೂರ್ತವನ್ನು ಸೆಕೆಂಡಿನ ತಮಗೆ ಬೇಕಾದಷ್ಟು ಸಣ್ಣ ಚೂರಿಗೆ ಇಳಿಸಿಕೊಡಬೇಕು. ಆಗ ಸ್ಥಳ ಹಿಗ್ಗಿ, ನಿಶ್ಚಯಕ್ಕೆ ಹಾಸುವ ಜಮಖಾನೆ ಹಳಿಯಾಳದಿಂದ ಮಳಗಿಯವರೆಗೆ ಹಾಸಿಕೊಂಡು, ನಾಗಲಿಂಗಪ್ಪನವರು ಎಲ್ಲಿ ತಪ್ಪಿಸಿಕೊಂಡು ನಿಂತರೂ ಅದರ ಮೇಲೆಯೇ ನಿಂತಿರುತ್ತಾರೆ.

ಇಷ್ಟು ಬರೆದಮೇಲೆ ತಮ್ಮ ಉತ್ತರಕ್ಕೂ ಕಾಯುವ ತಾಳ್ಮೆ ಉಳಿಯಲಿಲ್ಲ. ಆಪಾಗೆ ಹೂಂ ಎಂದು ಹೇಳಿ, ನಾನೇ ನಾಗಲಿಂಗಪ್ಪನವರಿಗೆ ಫೋನ್ ಮಾಡಿ, "ಈ ಸಂಬಂಧ ನನಗ ಬ್ಯಾಡ್ರಿ" ಎಂದೆ. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅವರಿಗೆ ಸ್ಥಳ, ಕಾಲ ಎರಡೂ ಒಟ್ಟಿಗೇ ಬೇಕಾದವು: "ಎಲ್ಲಿ ಅದಿ ಯವ್ವಾ? ಈಗಿಂದೀಗ ಬರ್ತೇನಿ!"

"ಸೋಮವಾರ ಮುಂಜಾನೆ ಒಂಬತ್ತಕ್ಕ ಮುಂಡಗೋಡದಾಗ ಅಂಗಡಿ ತೆಗೀತೇನ್ರಿ," ಎಂದೆ. "ಹೊಲಿಸೂದಿದ್ರ ಅರಿವಿ ತಗೊಂಡು ಬರ್ರಿ."

ಯಾವ ಸಮೀಕರಣಕ್ಕೂ ಸೇರದ,
ತಮ್ಮ ವಿಶ್ವಾಸಿ,
ಸಹನಾ

ವಿ.ಸೂ.: ತಾವು ಇಂದಿನವರೆಗೆ ಒಂದು ಪ್ರಯೋಗದಲ್ಲೂ ಪಾಸಾಗಿಲ್ಲವಂತೆ. ನಾನೂ ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ತಮ್ಮನ್ನು ಕೂರಿಸಿದಂತೆ ನನ್ನನ್ನು ಯಾವ ವಿಶ್ವವಿದ್ಯಾಲಯವೂ ಕರೆದು ಪೀಠದ ಮೇಲೆ ಕೂರಿಸಲಿಲ್ಲ.