ಸಣ್ಣಪುಟ್ಟ ರಿಪೇರಿ

ಮಾಲೀಕ: ಕರಾರು ಪತ್ರ ಸರಿಯಾಗಿ ಓದ್ಕೊಳ್ಳಿ ಅಂತ ಅವತ್ತೇ ಹೇಳಿದ್ದೆ. ಏಳನೇ ಷರತ್ತು! 'ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು, ದೊಡ್ಡ ರಿಪೇರಿ ಮಾಲೀಕರದ್ದು.' ನನ್ನ ಸ್ವಂತ ಕೈಬರಹ.

ಟೈಲರ್: ಓದಿದೀನಿ ಸ್ವಾಮಿ. ಬಚ್ಚಲುಮನೆ ಪೈಪು ಗೋಡೆಯೊಳಗೇ ಒಡೆದಿದೆ. ಇದು ಸಣ್ಣದೋ, ಪುಟ್ಟದೋ?

ಮಾಲೀಕ: ಎರಡೂ.

ಮಹಡಿ ಮನೆಯಲ್ಲಿ ಟೈಲರ್ ಬಾಡಿಗೆಗಿದ್ದ. ಕೆಳಗೆ ಮಾಲೀಕರು, ಅವರ ಹೆಂಡತಿ. ವಾರದಿಂದ ಹೊಲಿಗೆ ಯಂತ್ರದ ಹಿಂದಿನ ಗೋಡೆ ಒದ್ದೆ. ಗಿರಾಕಿಗಳ ಬಟ್ಟೆಗಳು ಮಂಚ ಹತ್ತಿದ್ದವು, ಟೈಲರ್ ನೆಲಕ್ಕಿಳಿದಿದ್ದ. ಮಾಲೀಕರು ಇದನ್ನೆಲ್ಲ ನೋಡಿ, ಕನ್ನಡಕ ತೆಗೆದು ಜೇಬಿಗಿಟ್ಟರು. ಮನೆ ಬಾಡಿಗೆಗೆ ಕೊಟ್ಟವರ ದೃಷ್ಟಿ ಹಾಗೆ, ಬೇಕಾದಾಗ ಮಂದವಾಗುತ್ತದೆ. ಟೈಲರ್ ಕೊರಳಿನ ಟೇಪು ತೆಗೆದು ಗೋಡೆಗೆ ಹಿಡಿದ.

ಟೈಲರ್: ಕಲೆ ಐವತ್ತೆರಡು ಇಂಚು. ನಮ್ಮ ಕಸುಬಲ್ಲಿ ಇದಕ್ಕೆ ಡಬಲ್ ಎಕ್ಸೆಲ್ ಅಂತಾರೆ.

ಮಾಲೀಕ: ಗೋಡೆಗೆ ಅಂಗಿ ಹೊಲೀತೀರೇನ್ರೀ? ಅಷ್ಟು ದೊಡ್ಡ ಗೋಡೆ ಮುಂದೆ ಈ ಕಲೆ ಯಾವ ಲೆಕ್ಕ!

ಟೈಲರ್: ಹಾಗಾದ್ರೆ ದೊಡ್ಡ ರಿಪೇರಿ ಯಾವುದು?

ಮಾಲೀಕ: ಮನೆ ಬಿದ್ರೆ ದೊಡ್ಡದು.

ಟೈಲರ್: ಬಿದ್ಮೇಲೆ ಬಂದು ಹೇಳೋಕೆ ನಾನು ಇರ್ಬೇಕಲ್ಲ!

ಮಾಲೀಕ: ಇಲ್ದೇ ಹೋಗೋದಾದ್ರೆ ಒಂದು ತಿಂಗಳು ಮುಂಚೆ ನೋಟಿಸ್ ಕೊಡ್ಬೇಕು. ಒಂಬತ್ತನೇ ಷರತ್ತು.

ಟೈಲರ್: ತಗೊಳ್ಳಿ, ಈಗ್ಲೇ ಕೊಟ್ಟೆ. ಗಿರಾಕಿ ಬಟ್ಟೆಗೆ ಒಂದು ಕಲೆ ಬಿದ್ರೆ ನನ್ನ ಹೊಟ್ಟೆಪಾಡೇ ಹೋಗುತ್ತೆ. ಮನೆ ಬಿಡ್ತೀನಿ.

ಮಾಲೀಕ: ಧಾರಾಳವಾಗಿ ಬಿಡಿ! ಜನ ಸಾಲುಗಟ್ಟಿ ನಿಂತಿದಾರೆ.

ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಮಾಲೀಕರ ಹೆಂಡತಿ ಏದುಸಿರು ಬಿಡುತ್ತ ಬಂದರು. ಕೈಯಲ್ಲೊಂದು ದಿಂಬು.

ಹೆಂಡತಿ: ಯಾವ ಸಾಲು ರೀ? ಇವರು ಬರೋಕೆ ಮುಂಚೆ ಏಳು ತಿಂಗಳು ಇಲ್ಲಿದ್ದದ್ದು ಹಲ್ಲಿಗಳು. ಒಂದೂ ಬಾಡಿಗೆ ಕೊಡ್ಲಿಲ್ಲ.

ಮಾಲೀಕ: ನೀನು ಸುಮ್ನಿರೇ. ಏನದು ಕೈಯಲ್ಲಿ?

ಹೆಂಡತಿ: ನಿಮ್ಮ ದಿಂಬು. ಕೆಳಗೆ ನಮ್ಮ ಮಂಚದ ಮೇಲೆ ಸೂರಿಂದ ನೀರು ತೊಟ್ಟಿಕ್ತಿದೆ. ಸರಿಯಾಗಿ ನಿಮ್ಮ ಕಡೆಗೇ! ನನ್ನ ಕಡೆ ಒಂದು ಹನಿ ಬಿದ್ದಿಲ್ಲ.

ಮಾಲೀಕರು ದಿಂಬನ್ನು ಹಿಂಡಿದರು. ನೀರು ಅವರ ಪಾದದ ಮೇಲೇ ಸುರಿಯಿತು. ಕನ್ನಡಕ ಜೇಬಿನಿಂದ ತಾನಾಗಿಯೇ ಮೂಗಿಗೆ ಬಂತು.

ಮಾಲೀಕ: ಅಯ್ಯಯ್ಯೋ, ಮನೆ ಹಾಳಾಯ್ತಲ್ಲೇ! ಗೋಡೆ ಒಡೀಬೇಕು, ಪೈಪು ಪೂರ್ತಿ ಬದಲಾಯಿಸ್ಬೇಕು, ಇದೇನು ಆಟದ ಮಾತಾ? ಎಷ್ಟು ದೊಡ್ಡ ರಿಪೇರಿ ಇದು! ಇವತ್ತೇ ಮಾಡಿಸ್ರೀ ಟೈಲರ್!

ಟೈಲರ್ ನಿಧಾನವಾಗಿ ಟೇಪು ಸುತ್ತಿದ.

ಟೈಲರ್: ದೊಡ್ಡದು ಅಂದ್ರಾ? ಅಕ್ಕಾ, ನೀವೇ ಸಾಕ್ಷಿ.

ಹೆಂಡತಿ: ಕಿವಿಯಾರೆ ಕೇಳಿಸ್ಕೊಂಡೆ.

ಮಾಲೀಕ: ಅಲ್ಲ, ಅದು... ಕೆಳಗಡೆ ದೊಡ್ಡದು. ಇಲ್ಲಿ ಮೇಲ್ಗಡೆ ಸಣ್ಣದೇ.

ಹೆಂಡತಿ: ಪೈಪು ಒಂದೇ ತಾನೆ? ಮೊದ್ಲು ಪ್ಲಂಬರ್‌ಗೆ ಫೋನ್ ಮಾಡಿ. ನೋಟಿಸ್ ವಾಪಸ್ ತಗೋತೀಯಾ ತಮ್ಮಾ?

ಟೈಲರ್: ಗೋಡೆ ಒಣಗಿದ ದಿನ ತಗೋತೀನಿ ಅಕ್ಕಾ.

ಮಾಲೀಕರು ಫೋನ್ ಮಾಡಿದರು, ಗದರಿದರು, ಕೊನೆಗೆ ಬೇಡಿಕೊಂಡರು.

ಮಾಲೀಕ: ನಾಡಿದ್ದು ಬರ್ತಾನಂತೆ! ಅಲ್ಲೀವರೆಗೆ ನಾನೆಲ್ಲಿ ಮಲಗ್ಲಿ?

ಹೆಂಡತಿ: ನಿಮ್ಮ ಕಡೇಲೇ ಮಲಗಿ. ಸಣ್ಣಪುಟ್ಟ ತೊಂದ್ರೆ ಮಲಗೋರದ್ದು.