ವರಪಟ್ಟಿಯ ಮೊದಲ ಸಾಲು

ತಾನು ಬರೆದ ಪ್ರೋಗ್ರಾಮಿನಿಂದ ತಾನೇ ಪೆಟ್ಟು ತಿನ್ನುವ ಯೋಗ ಕೆಲವರಿಗಿರುತ್ತದೆ. ನನಗೆ ಅದು ವಾರಕ್ಕೊಮ್ಮೆ. ನಗು ಬರುವುದು ಕೇಳುವವರಿಗೆ. ನಮ್ಮ ಹಳ್ಳಿಯಲ್ಲಿ ಮೊದಲು ಕಂಪ್ಯೂಟರ್ ಮುಟ್ಟಿದವನು ನಾನು. ಘಣಸೋಲಿಯ ಆಫೀಸಿನಲ್ಲಿ ನನ್ನಷ್ಟು ಬೇಗ ಕೋಡ್ ಬರೆಯುವವನಿಲ್ಲ. ಆದರೂ ಮೂರು ವರ್ಷದಿಂದ ಒಂದು ಹೆಣ್ಣೂ ಒಪ್ಪಿರಲಿಲ್ಲ. ಡೊಂಬಿವಲಿಯ ಕನ್ನಡ ಸಂಘದವರು ವಧೂವರ ಮೇಳಕ್ಕೆ ಸಾಫ್ಟ್‌ವೇರ್ ಕೇಳಿದಾಗ ಪುಕ್ಕಟೆ ಮಾಡಿಕೊಟ್ಟೆ, ಅಲ್ಲೇ ನನಗೂ ಒಬ್ಬಳು ಸಿಗಲಿ ಅಂತ.

ವಯಸ್ಸಿಲ್ಲದವರು

ಸಂಘದ ಪಟ್ಟಿ ಎಕ್ಸೆಲ್‌ನಲ್ಲಿತ್ತು. ಅದನ್ನು ಓದಿ ನನ್ನ ಪ್ರೋಗ್ರಾಮಿಗೆ ಕೊಡುವುದು ಡೇಟಾಬೇಸ್ ಡ್ರೈವರ್ ಎಂಬ ಇನ್ನೊಂದು ಪುಟ್ಟ ಪ್ರೋಗ್ರಾಮು. ಅದು ಮೊದಲ ಎಂಟು ಸಾಲು ನೋಡಿ 'ಇಲ್ಲಿ ಬರೀ ಅಂಕಿ' ಅಂತ ತೀರ್ಮಾನಿಸಿದರೆ ಮುಗಿಯಿತು. ಆಮೇಲೆ ಬರುವ ಅಕ್ಷರಗಳನ್ನೆಲ್ಲ ಖಾಲಿ ಬಿಡುತ್ತದೆ. ವಯಸ್ಸಿನ ಕಾಲಮ್ಮಿನಲ್ಲಿ "ನಲವತ್ತು ಇನ್ನೂ ತುಂಬಿಲ್ಲ" ಎಂದು ಬರೆದವರಿಗೆಲ್ಲ ವಯಸ್ಸೇ ಹೋಯಿತು.

"ಎಂತ ಮಾರಾಯ, ಇಷ್ಟು ಜನ ಇನ್ನೂ ಹುಟ್ಟಲೇ ಇಲ್ವಾ?" ಎಂದರು ಸಂಘದ ಕಾರ್ಯದರ್ಶಿ, ಉಡುಪಿ ಕಡೆಯ ಹೋಟೆಲಿನವರು.

ಸರಿಮಾಡಲು ಕೂತೆ. ಕಲ್ಯಾಣ್‌ನಿಂದ ಬಂದಿದ್ದ ಹಿರಿಯ ಬ್ರಹ್ಮಚಾರಿಯೊಬ್ಬರು ಮೆಲ್ಲಗೆ ನನ್ನ ಕೈ ಹಿಡಿದರು. "ತಮ್ಮಾ, ಹಾಗೇ ಇರಲಿ ಬಿಡು. ಖಾಲಿ ಇದ್ದದ್ದೇ ಚೆಂದ ಕಾಣ್ತದೆ."

ಬೇರೊಬ್ಬರು

"ಫೈಲನ್ನು ಬೇರೊಬ್ಬರು ತೆರೆದಿಟ್ಟಿದ್ದಾರೆ ಅಂತ ಬರ್ತದೆ. ಇದು ಆ ಖಜಾಂಚಿಯದ್ದೇ ಕೆಲಸ!" ಕಾರ್ಯದರ್ಶಿಗಳ ಫೋನು. ಹಾಫ್ ಡೇ ಹಾಕಿ, ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ, ಬಾಗಿಲಲ್ಲಿ ನೇತಾಡುತ್ತ ಡೊಂಬಿವಲಿ ಮುಟ್ಟಿದೆ. ನೋಡಿದರೆ ಅವರೇ ಅದೇ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು, ಮಿನಿಮೈಸ್ ಮಾಡಿ ಮರೆತಿದ್ದರು.

"ಆ ಬೇರೊಬ್ಬರು ನೀವೇ ರೀ!"

"ಹೌದಾ? ಖಜಾಂಚಿಯೊಟ್ಟಿಗೆ ನಾಲ್ಕು ದಿನದಿಂದ ಮಾತು ಬಿಟ್ಟಿದ್ದೇನಲ್ಲ." ಸ್ವಲ್ಪ ಯೋಚಿಸಿದರು. "ಇರಲಿ, ಆ ಜಗಳ ಮುಂದಕ್ಕೆ ಬೇಕಾಗ್ತದೆ."

ಎಲ್ಲರಿಗಿಂತ ಮೇಲೆ

ಮೇಳದ ಬೆಳಿಗ್ಗೆ ಪಟ್ಟಿಯ ನೆತ್ತಿಯಲ್ಲಿದ್ದ 'ಹೆಸರು, ವಯಸ್ಸು, ಊರು' ಸಾಲನ್ನು ಅಳಿಸಿ ಅಲ್ಲಿ ನನ್ನ ವಿವರ ತುಂಬಿದೆ. ನಾನು ಎಲ್ಲರಿಗಿಂತ ಮೇಲಿರಬೇಡವೇ? ಎರಡನೆಯ ಸಾಲಿನಲ್ಲಿ, ಮರುಕಕ್ಕೆ, ಕಾಮೋಠೆಯ ನನ್ನ ರೂಮ್‌ಮೇಟ್.

ವಾಶಿಯಿಂದ ಒಬ್ಬ ತಾಯಿ, ಮಗಳು ಬಂದರು. ಮಗಳು ನನ್ನನ್ನು ನೋಡಿ ನಕ್ಕಳು. ಮೂರು ವರ್ಷದಲ್ಲಿ ಮೊದಲ ನಗು.

"ಕಾಮೋಠೆ ಕಡೆ ಇಂಜಿನಿಯರ್ ಹುಡುಗ ಇದ್ರ ತೋರಿಸ್ರಿ" ಎಂದರು ತಾಯಿ. ಮೀಸೆ ತಿರುವಿ ಗುಂಡಿ ಒತ್ತಿದೆ.

ಬಂದದ್ದು ಒಂದೇ ಹೆಸರು. ರೂಮ್‌ಮೇಟನದು. ಡ್ರೈವರು ಮೊದಲ ಸಾಲನ್ನು ಮನುಷ್ಯ ಅಂತ ಎಣಿಸುವುದಿಲ್ಲ, ಕಾಲಮ್ಮುಗಳ ಶೀರ್ಷಿಕೆ ಮಾಡಿಕೊಳ್ಳುತ್ತದೆ. ಅದು ನನಗೆ ಆಗಷ್ಟೇ ನೆನಪಾಯಿತು.

"ಮಮ್ಮಿ, ಊಪರ್ ಯೇ ಕಿಸ್ಕಾ ನಾಮ್ ಹೈ?" ಎಂದಳು ಮಗಳು, ಪರದೆಯ ನೆತ್ತಿಯಲ್ಲಿದ್ದ ನನ್ನ ಹೆಸರಿಗೆ ಬೆರಳು ತೋರಿಸಿ.

"ಸಂಘದ ಅಧ್ಯಕ್ಷರದ ಇರಬೇಕು ಬಿಡವಾ. ವಯಸ್ಸಾದವರು."

ನಾನೇ ಬಾಯಿ ಬಿಟ್ಟೆ. "ಅಮ್ಮಾರ, ನಾನೂ ಕಾಮೋಠೆದಾಗ ಇರಾಂವ. ನಾನೂ ಇಂಜಿನಿಯರೇ."

ತಾಯಿಯ ಮುಖ ಅರಳಿತು. "ಹೌದೇನಪಾ? ಛಲೋ ಆತು! ಹಂಗಾದ್ರ ಈ ಹುಡುಗ ಹ್ಯಾಂಗ ಅಂತ ನೀನೇ ಹೇಳು."